ಗೆಳೆಯರ ನಡುವೆ ಒಗಟು: ಹೊಣೆ ಹಾಕುವವರದು

ಪ್ರಶ್ನೆ: ಕಾಲೇಜಿನಲ್ಲಿ ಒಟ್ಟಿಗೆ ಓದಿದ ನಾವು ಆರು ಮಂದಿ ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಉಳಿದ ದಿನಗಳಲ್ಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಗಟು, ಲೆಕ್ಕದ ಸಮಸ್ಯೆ, ತಲೆಗೆ ಕೆಲಸ ಕೊಡುವ ಪ್ರಶ್ನೆಗಳನ್ನು ಹಂಚಿಕೊಳ್ಳುತ್ತೇವೆ. ಶುರುವಿನಲ್ಲಿ ಬಹಳ ಉತ್ಸಾಹವಿತ್ತು. ಈಗ ಒಬ್ಬ ಗೆಳೆಯ ಕೇಳಿದ ಕೂಡಲೇ ಉತ್ತರ ಹೇಳಿಬಿಡುತ್ತಾನೆ, ಇಬ್ಬರು ಬಾಯಿಯನ್ನೇ ಬಿಡುವುದಿಲ್ಲ. ಕಳೆದ ಸಲ 6÷2(1+2) ಎಷ್ಟು ಎಂಬುದರ ಮೇಲೆ ಜಗಳವಾಗಿ ಒಬ್ಬಳು ಗುಂಪನ್ನೇ ಬಿಟ್ಟಳು. ನನ್ನ ಅಮ್ಮನಿಗೆ ಹಳ್ಳಿಯ ಒಗಟುಗಳು ತುಂಬ ಗೊತ್ತು, ಆದರೆ ಅವನ್ನು ಕೇಳಿದರೆ ನಮ್ಮಲ್ಲಿ ಯಾರಿಗೂ ಒಡೆಯಲಾಗುವುದಿಲ್ಲ. ಎಂಥ ಒಗಟುಗಳನ್ನು ಆರಿಸಬೇಕು? ಸುಳಿವು ಎಷ್ಟು ಕೊಡಬೇಕು? ಎಲ್ಲರೂ ಪಾಲ್ಗೊಳ್ಳುವಂತೆ ಮಾಡುವುದು ಹೇಗೆ?

ಉತ್ತರ: ನಿಮ್ಮ ಪತ್ರದ ದೂರುಗಳೆಲ್ಲ ಬಿಡಿಸುವವರ ಮೇಲಿವೆ. ಒಬ್ಬ ಅವಸರದವನು, ಇಬ್ಬರು ಮೌನಿಗಳು, ಒಬ್ಬಳು ಮುಂಗೋಪಿ. ಗಣಿತದ ಮೇಷ್ಟ್ರಾಗಿ ಮಕ್ಕಳಿಗೂ ದೊಡ್ಡವರಿಗೂ ವರ್ಷಗಟ್ಟಲೆ ಒಗಟು ಹಾಕುತ್ತ ಬಂದ ನನ್ನ ಅನುಭವ ಬೇರೆಯೇ ಹೇಳುತ್ತದೆ. ಕೂಟ ಕಳೆಗಟ್ಟುವುದೂ ಕೆಡುವುದೂ ಬಹುಮಟ್ಟಿಗೆ ಒಗಟು ಹಾಕುವವರ ಕೈಯಲ್ಲಿದೆ. ಯಾವುದನ್ನು ಕೇಳಬೇಕು, ಎಷ್ಟು ಹೊತ್ತು ಉತ್ತರವನ್ನು ಹಿಡಿದಿಟ್ಟುಕೊಳ್ಳಬೇಕು, ಉತ್ತರ ಬಂದ ಮೇಲೆ ಏನು ಕೇಳಬೇಕು ಎನ್ನುವುದನ್ನು ತೀರ್ಮಾನಿಸುವವರು ಅವರೇ. ಬಿಡಿಸುವವರ ಸ್ವಭಾವವನ್ನು ನೀವು ತಿದ್ದಲಾರಿರಿ. ಕೇಳುವ ರೀತಿಯನ್ನು ಇವತ್ತೇ ತಿದ್ದಿಕೊಳ್ಳಬಹುದು.

ಮೊದಲು ಆ ಜಗಳವನ್ನು ಮುಗಿಸೋಣ. 6÷2(1+2) ಒಗಟೇ ಅಲ್ಲ. ಎಡದಿಂದ ಬಲಕ್ಕೆ ಮಾಡುತ್ತ ಹೋದರೆ 9 ಬರುತ್ತದೆ. 2(1+2) ಎಂಬುದನ್ನು ಒಂದೇ ಗಂಟು ಎಂದು ಹಿಡಿದರೆ 1 ಬರುತ್ತದೆ. ಗುಣಾಕಾರದ ಚಿಹ್ನೆಯನ್ನು ಬರೆಯದೆ ಬಿಟ್ಟಾಗ ಅದು ಭಾಗಾಕಾರಕ್ಕಿಂತ ಮೊದಲು ನಡೆಯಬೇಕೇ ಬೇಡವೇ ಎಂಬುದರಲ್ಲಿ ಎಲ್ಲರೂ ಒಪ್ಪಿದ ಒಂದು ನಿಯಮವಿಲ್ಲ. ಕ್ಯಾಲ್ಕುಲೇಟರ್‌ಗಳು ಕೂಡ ಮಾದರಿಗೊಂದರಂತೆ ಉತ್ತರ ತೋರಿಸುವುದುಂಟು. ಗಣಿತ ಗೊತ್ತಿರುವವರು ಇದನ್ನು ಭಿನ್ನರಾಶಿಯಾಗಿ ಮೇಲೆ ಕೆಳಗೆ ಬರೆಯುತ್ತಾರೆ, ಆಗ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಅಂದರೆ ನಿಮ್ಮ ಗೆಳೆಯರು ಜಗಳವಾಡಿದ್ದು ಬರೆದವರ ಅಸ್ಪಷ್ಟತೆಯ ಮೇಲೆ. ಜಾಣತನಕ್ಕೂ ಅದಕ್ಕೂ ಸಂಬಂಧವಿಲ್ಲ. ಗುಂಪು ಬಿಟ್ಟುಹೋದವರಿಗೆ ಫೋನ್ ಮಾಡಿ ಇಷ್ಟನ್ನು ಹೇಳಿ, ಮರಳಿ ಕರೆಯಿರಿ. ಇಂಥ ಲೆಕ್ಕಗಳನ್ನು ಇನ್ನು ಮುಂದೆ ಗುಂಪಿಗೆ ತರಬೇಡಿ. ಜನರನ್ನು ಎರಡು ಪಂಗಡ ಮಾಡಲೆಂದೇ ಅವು ಹರಿದಾಡುತ್ತವೆ.

ಎಲ್ಲ ಜಗಳವೂ ಕೆಟ್ಟದ್ದೆಂದು ಹೇಳಲಾರೆ. ತೀರ್ಮಾನಕ್ಕೆ ಬರಬಹುದಾದ ಜಗಳ ಕೂಟಕ್ಕೆ ಒಳ್ಳೆಯದು. ಮೂರು ಬಾಗಿಲಿನ ಸಮಸ್ಯೆಯನ್ನು ನೀವು ಕೇಳಿರಬಹುದು. ಮೂರು ಬಾಗಿಲು, ಒಂದರ ಹಿಂದೆ ಕಾರು, ಉಳಿದೆರಡರ ಹಿಂದೆ ಮೇಕೆ. ನೀವು ಒಂದು ಬಾಗಿಲನ್ನು ಆರಿಸುತ್ತೀರಿ. ಕಾರು ಎಲ್ಲಿದೆ ಎಂದು ಬಲ್ಲ ನಿರೂಪಕ ಉಳಿದೆರಡರಲ್ಲಿ ಮೇಕೆಯಿರುವ ಒಂದನ್ನು ತೆರೆದು ತೋರಿಸಿ, ಬಾಗಿಲು ಬದಲಿಸುತ್ತೀರಾ ಎಂದು ಕೇಳುತ್ತಾನೆ. ಬದಲಿಸುವುದೇ ಮೇಲು, ಗೆಲುವಿನ ಸಾಧ್ಯತೆ ಮೂರರಲ್ಲಿ ಎರಡು ಎಂದು ಅಮೆರಿಕದ ಅಂಕಣಕಾರ್ತಿ ಮೆರಿಲಿನ್ ವಾಸ್ ಸವಾಂತ್ 1990ರಲ್ಲಿ ಬರೆದಾಗ ಸುಮಾರು ಹತ್ತು ಸಾವಿರ ಪತ್ರಗಳು ಬಂದವು. ಬಹುತೇಕ ಪತ್ರಗಳು ಅವರದು ತಪ್ಪು ಎಂದೇ ವಾದಿಸಿದ್ದವು. ಬರೆದವರಲ್ಲಿ ಪಿಎಚ್‌.ಡಿ. ಪಡೆದವರೂ ನೂರಾರು ಮಂದಿ ಇದ್ದರು. ಆದರೆ ಸರಿಯಿದ್ದವರು ಮೆರಿಲಿನ್ ಅವರೇ. ಮೊದಲ ಆಯ್ಕೆ ಸರಿಯಾಗಿರುವ ಸಾಧ್ಯತೆ ಮೂರರಲ್ಲಿ ಒಂದು. ಆದ್ದರಿಂದ ಮೂರರಲ್ಲಿ ಎರಡು ಸಲ ಕಾರು ಉಳಿದೆರಡು ಬಾಗಿಲುಗಳ ಹಿಂದಿರುತ್ತದೆ, ಅವುಗಳಲ್ಲಿ ಖಾಲಿಯದನ್ನು ನಿರೂಪಕನೇ ತೆಗೆದುಹಾಕಿದ್ದಾನೆ.

ಇದನ್ನು ವಾದದಿಂದ ಗೆಲ್ಲಲು ಹೋಗಬೇಡಿ. ಮೂರು ಸ್ಟೀಲ್ ಲೋಟಗಳನ್ನು ಬೋರಲು ಹಾಕಿ, ಒಂದರ ಕೆಳಗೆ ಕಡಲೆಬೀಜ ಇಡಿ. ಒಬ್ಬರು ಪ್ರತಿ ಸಲವೂ ಬದಲಿಸಲಿ, ಇನ್ನೊಬ್ಬರು ಪ್ರತಿ ಸಲವೂ ಮೊದಲ ಆಯ್ಕೆಗೇ ಅಂಟಿಕೊಳ್ಳಲಿ, ಮೂರನೆಯವರು ಗೋಡೆಯ ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು ಲೆಕ್ಕ ಇಡಲಿ. ಮೂವತ್ತು ನಲವತ್ತು ಸಲ ಆಡುವಷ್ಟರಲ್ಲಿ ಗೆರೆಗಳ ಎರಡು ಸಾಲುಗಳು ಬೇರೆ ಬೇರೆ ಉದ್ದಕ್ಕೆ ಬೆಳೆಯುವುದು ಸಾಮಾನ್ಯವಾಗಿ ಕಣ್ಣಿಗೇ ಕಾಣುತ್ತದೆ. ಇಲ್ಲಿ ಒಗಟು ಹಾಕುವವರು ಮರೆಯಬಾರದ ಮಾತೊಂದಿದೆ. ನಿರೂಪಕನಿಗೆ ಕಾರು ಎಲ್ಲಿದೆಯೆಂದು ಗೊತ್ತು, ಅವನು ತೆರೆಯುವುದು ಯಾವಾಗಲೂ ಖಾಲಿ ಬಾಗಿಲನ್ನೇ ಎಂಬ ಷರತ್ತನ್ನು ಬಿಡಿಸಿ ಹೇಳಲೇಬೇಕು. ಅದನ್ನು ಬಿಟ್ಟು ಕೇಳಿದರೆ ಸಮಸ್ಯೆಯೇ ಬೇರೆಯಾಗುತ್ತದೆ, ಅರ್ಧ ಅರ್ಧ ಎಂದವರೂ ಸರಿಯಾಗಬಹುದು. ಗೆಳೆಯರ ನಡುವಿನ ಎಷ್ಟೋ ತಕರಾರುಗಳು ಹೀಗೆ ನುಂಗಿಹೋದ ಒಂದು ವಾಕ್ಯದಿಂದ ಹುಟ್ಟುತ್ತವೆ. ಕೇಳುವ ಮುಂಚೆ ಒಗಟನ್ನು ಬರೆದುಕೊಂಡು ಒಮ್ಮೆ ಗಟ್ಟಿಯಾಗಿ ಓದಿ.

ಇನ್ನು ಆ ಚುರುಕು ಗೆಳೆಯನ ವಿಷಯ. ಅವನನ್ನು ತಡೆಯಬೇಕು ಎಂದು ನೀವು ಯೋಚಿಸುತ್ತಿದ್ದೀರಿ. ನಾನು ಹೇಳುವುದು, ಅವನಿಗೆ ಮುಂದಿನ ಮೆಟ್ಟಿಲು ತೋರಿಸಿ ಎಂದು. ಇದಕ್ಕೆ ನನಗೆ ತುಂಬ ಪ್ರಿಯವಾದ ಪ್ರಸಂಗವೊಂದಿದೆ. 1914ರ ಡಿಸೆಂಬರ್. ಕೇಂಬ್ರಿಜ್‌ನಲ್ಲಿ ಇಬ್ಬರು ಭಾರತೀಯ ಯುವಕರು. ಒಬ್ಬರು ಶ್ರೀನಿವಾಸ ರಾಮಾನುಜನ್, ಇನ್ನೊಬ್ಬರು ಮುಂದೆ ಭಾರತದ ಸಂಖ್ಯಾಶಾಸ್ತ್ರಕ್ಕೆ ಬುನಾದಿ ಹಾಕಿದ ಪ್ರಶಾಂತಚಂದ್ರ ಮಹಲನೋಬಿಸ್. ರಾಮಾನುಜನ್ ತಮ್ಮ ಕೋಣೆಯಲ್ಲಿ ಒಲೆಯ ಮುಂದೆ ತರಕಾರಿ ಕೈಯಾಡಿಸುತ್ತಿದ್ದರು. ಮಹಲನೋಬಿಸ್ ಸ್ಟ್ರ್ಯಾಂಡ್ ಎಂಬ ಪತ್ರಿಕೆ ಹಿಡಿದು ಮೇಜಿನ ಬಳಿ ಕೂತಿದ್ದರು. ಅದರಲ್ಲೊಂದು ಸಮಸ್ಯೆ ಇತ್ತು. ಬೀದಿಯ ಒಂದೇ ಸಾಲಿನಲ್ಲಿ ಮನೆಗಳಿಗೆ 1, 2, 3 ಎಂದು ಕ್ರಮವಾಗಿ ಸಂಖ್ಯೆಗಳಿವೆ. ಒಬ್ಬನ ಮನೆಯ ಎಡಕ್ಕಿರುವ ಎಲ್ಲ ಸಂಖ್ಯೆಗಳ ಮೊತ್ತವೂ ಬಲಕ್ಕಿರುವ ಎಲ್ಲ ಸಂಖ್ಯೆಗಳ ಮೊತ್ತವೂ ಒಂದೇ. ಬೀದಿಯಲ್ಲಿ ಐವತ್ತಕ್ಕಿಂತ ಹೆಚ್ಚು, ಐನೂರಕ್ಕಿಂತ ಕಡಿಮೆ ಮನೆಗಳಿವೆ. ಅವನ ಮನೆಯ ಸಂಖ್ಯೆ ಯಾವುದು?

ಮಹಲನೋಬಿಸ್ ಕೆಲವೇ ನಿಮಿಷಗಳಲ್ಲಿ ಅಂದಾಜು ಹಾಕಿ ಹಾಕಿ ಉತ್ತರ ಕಂಡುಕೊಂಡಿದ್ದರು: 288 ಮನೆಗಳ ಬೀದಿಯಲ್ಲಿ 204ನೆಯ ಮನೆ. ಸಮಸ್ಯೆಯನ್ನು ರಾಮಾನುಜನ್‌ಗೆ ಓದಿ ಹೇಳಿದರು. ರಾಮಾನುಜನ್ ಬಾಣಲೆಯಿಂದ ಕೈ ತೆಗೆಯದೆಯೇ, ಉತ್ತರ ಬರೆದುಕೊಳ್ಳಿ ಎಂದು ಒಂದು ಸತತ ಭಿನ್ನರಾಶಿಯನ್ನು, ಅಂದರೆ ಛೇದದೊಳಗೆ ಮತ್ತೆ ಮತ್ತೆ ಭಿನ್ನರಾಶಿ ಬರುತ್ತ ಸಾಗುವ ಸಂಖ್ಯೆಯನ್ನು, ಹೇಳಿದರು. ಐವತ್ತು ಐನೂರರ ಮಿತಿಯನ್ನು ತೆಗೆದುಹಾಕಿದರೂ, ಎಷ್ಟೇ ಉದ್ದದ ಬೀದಿಯಾದರೂ, ಆ ಒಂದು ಸೂತ್ರದಿಂದ ಎಲ್ಲ ಉತ್ತರಗಳೂ ಸಾಲಾಗಿ ಬರುತ್ತಿದ್ದವು. ಹೇಗೆ ಹೊಳೆಯಿತು ಎಂದು ಮಹಲನೋಬಿಸ್ ಬೆರಗಾಗಿ ಕೇಳಿದರು. ಆ ಪ್ರಶ್ನೆ ಕೇಳಿದ್ದರಿಂದಲೇ ಈ ಪ್ರಸಂಗ ನಮ್ಮವರೆಗೂ ಬಂದಿದೆ.

ಈ ಸಮಸ್ಯೆಯನ್ನು ನಿಮ್ಮ ಮುಂದಿನ ಕೂಟಕ್ಕೆ ತೆಗೆದುಕೊಂಡು ಹೋಗಿ. ಇದರೊಳಗೆ ಎಲ್ಲರಿಗೂ ಒಂದೊಂದು ಬಾಗಿಲಿದೆ. ಬೀದಿಯಲ್ಲಿ ಎಂಟೇ ಮನೆಗಳಿದ್ದರೆ? ಬೆರಳೆಣಿಸಿ ಹೇಳಬಹುದು: ಆರನೆಯ ಮನೆ. ಎಡಕ್ಕೆ 1+2+3+4+5, ಬಲಕ್ಕೆ 7+8, ಎರಡೂ 15. ಇದನ್ನು ಮೌನವಾಗಿ ಕೂತಿರುವ ಗೆಳೆಯರ ಕೈಗೆ ಕೊಡಿ. ನಂತರದ ಬೀದಿಗೆ 49 ಮನೆಗಳು, ಉತ್ತರ 35. ಅದರ ನಂತರದ್ದು ಪತ್ರಿಕೆಯ ಉತ್ತರ. ಚುರುಕು ಗೆಳೆಯ 204 ಎಂದ ಕೂಡಲೇ, ಮುಂದಿನದು ಯಾವುದು ಎಂದು ಕೇಳಿ. 1, 6, 35, 204 ಎಂಬ ಸಾಲನ್ನು ನೋಡುತ್ತ ಕೂತರೆ, ಪ್ರತಿ ಸಂಖ್ಯೆಯ ಆರರಷ್ಟರಿಂದ ಅದರ ಹಿಂದಿನದನ್ನು ಕಳೆದರೆ ಮುಂದಿನದು ಸಿಗುತ್ತದೆ ಎಂದು ಯಾರಿಗಾದರೂ ಹೊಳೆದೀತು. ಆರು ಮೂವತ್ತೈದಲಿ 210, ಆರು ಕಳೆದರೆ 204. ಹಾಗಾದರೆ ಮುಂದಿನದು 1189, ಆ ಬೀದಿಯಲ್ಲಿ 1681 ಮನೆಗಳು. ಹೀಗೇಕಾಗುತ್ತದೆ ಎಂದು ಸಾಧಿಸಿ ತೋರಿಸುವ ಕೆಲಸವನ್ನು ಅವನಿಗೆ ಒಂದು ತಿಂಗಳ ಮಟ್ಟಿಗೆ ವಹಿಸಿಬಿಡಿ. ಬೇಗ ಬಿಡಿಸುವವನಿಗೆ ಬೇಕಾಗಿರುವುದು ತನ್ನ ಶಕ್ತಿಗೆ ತಕ್ಕ ಕೆಲಸ. ಅದು ಸಿಗದಿದ್ದಾಗ ಅವನು ಉಳಿದವರ ಪಾಲನ್ನೂ ತಿನ್ನುತ್ತಾನೆ.

ಉತ್ತರ ಏನು ಎಂದು ಕೇಳುವ ಕೂಟಕ್ಕೂ ಹೇಗೆ ಸಿಕ್ಕಿತು ಎಂದು ಕೇಳುವ ಕೂಟಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ಒಬ್ಬರು ಗೆದ್ದ ಕ್ಷಣಕ್ಕೆ ಆಟ ಮುಗಿಯುತ್ತದೆ. ಎರಡನೆಯದರಲ್ಲಿ ತಪ್ಪು ದಾರಿ ಹಿಡಿದವರ ಮಾತಿಗೂ ಬೆಲೆಯಿದೆ.

ಸುಳಿವಿನ ಪ್ರಶ್ನೆ ಕೇಳಿದ್ದೀರಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ನಾಜೂಕಾದ ಭಾಗ. ನಾರ್ಮನ್ ಮೈಯರ್ ಎಂಬ ಮನೋವಿಜ್ಞಾನಿ 1931ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕೋಣೆಯ ಸೂರಿನಿಂದ ಎರಡು ಹಗ್ಗಗಳು ಇಳಿಬಿದ್ದಿವೆ, ಅವೆರಡರ ತುದಿಗಳನ್ನು ಗಂಟು ಹಾಕಬೇಕು. ಒಂದನ್ನು ಹಿಡಿದು ನಿಂತರೆ ಇನ್ನೊಂದು ಕೈಗೆಟುಕದಷ್ಟು ದೂರ. ಕೋಣೆಯಲ್ಲಿ ಇಕ್ಕಳದಂಥ ಕೆಲವು ಸಾಮಾನುಗಳಿವೆ. ಇಕ್ಕಳವನ್ನು ಒಂದು ಹಗ್ಗದ ತುದಿಗೆ ಕಟ್ಟಿ ಲೋಲಕದಂತೆ ತೂಗಿಬಿಟ್ಟರೆ, ಇನ್ನೊಂದನ್ನು ಹಿಡಿದು ನಿಂತು ಇದು ಹತ್ತಿರ ಬಂದಾಗ ಹಿಡಿಯಬಹುದು. ಬಹಳ ಮಂದಿಗೆ ಇದು ಹೊಳೆಯಲಿಲ್ಲ. ಆಗ ಮೈಯರ್ ಕಿಟಕಿಯತ್ತ ನಡೆದುಹೋಗುವ ನೆಪದಲ್ಲಿ ಹಗ್ಗಕ್ಕೆ ಮೈ ತಾಗಿಸಿ ಅದು ಸ್ವಲ್ಪ ತೂಗಾಡುವಂತೆ ಮಾಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಹಲವರು ಉತ್ತರ ಕಂಡುಕೊಂಡರು. ಹೇಗೆ ಹೊಳೆಯಿತೆಂದು ಕೇಳಿದಾಗ ಅವರಲ್ಲಿ ಹೆಚ್ಚಿನವರು ಆ ಹಗ್ಗ ತೂಗಿದ್ದನ್ನು ಹೇಳಲೇ ಇಲ್ಲ, ತಮಗೆ ತಾವೇ ಹೊಳೆದದ್ದು ಎಂದರು. ಒಳ್ಳೆಯ ಸುಳಿವು ಅಂದರೆ ಅಂಥದ್ದು. ಬಿಡಿಸಿದವರಿಗೆ ಉತ್ತರ ತಮ್ಮದೇ ಎನ್ನಿಸಬೇಕು.

ಗೆಳೆಯರ ಕೂಟದಲ್ಲಿ ಅದನ್ನು ಮಾಡುವುದು ಹೇಗೆ ಎಂದು ಒಂದು ಲೆಕ್ಕ ಹಿಡಿದು ತೋರಿಸುತ್ತೇನೆ. ಲೆಕ್ಕ ನಮ್ಮ ನೆಲದ್ದೇ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಬರುತ್ತದೆ. ಮೂವರು ವರ್ತಕರು ದಾರಿಯಲ್ಲಿ ಬಿದ್ದಿದ್ದ ಹಣದ ಚೀಲವೊಂದನ್ನು ಕಂಡರು. ಮೊದಲನೆಯವನು, ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಒಟ್ಟು ಹಣದ ಎರಡರಷ್ಟು ನನ್ನ ಬಳಿ ಇರುತ್ತದೆ ಎಂದ. ನನಗೆ ಸಿಕ್ಕರೆ ನಿಮ್ಮಿಬ್ಬರದರ ಮೂರರಷ್ಟು ಎಂದ ಎರಡನೆಯವನು. ನನಗೆ ಸಿಕ್ಕರೆ ಐದರಷ್ಟು ಎಂದ ಮೂರನೆಯವನು. ಚೀಲದಲ್ಲಿ ಎಷ್ಟಿತ್ತು, ಒಬ್ಬೊಬ್ಬರ ಬಳಿ ಎಷ್ಟಿತ್ತು?

ಬೀಜಗಣಿತ ಓದಿದವರು ಎಕ್ಸ್, ವೈ ಎಂದು ಬರೆಯಲು ಪೆನ್ನು ಹುಡುಕುತ್ತಾರೆ. ಓದದವರು ಅಲ್ಲಿಗೇ ಕೈಬಿಡುತ್ತಾರೆ. ಹತ್ತು ನಿಮಿಷ ಸುಮ್ಮನಿರಿ. ಆಮೇಲೆ ಮೊದಲ ಸುಳಿವು: ಉತ್ತರ ಒಂದೇ ಅಲ್ಲ, ಎಲ್ಲವನ್ನೂ ದ್ವಿಗುಣ ಮಾಡಿದರೂ ಸರಿಯೇ, ಅತಿ ಸಣ್ಣ ಪೂರ್ಣಸಂಖ್ಯೆಗಳನ್ನು ಹುಡುಕಿ. ಇದು ಉತ್ತರದ ಹತ್ತಿರಕ್ಕೂ ಕರೆದೊಯ್ಯುವುದಿಲ್ಲ, ಭಯವನ್ನು ಮಾತ್ರ ಕಳೆಯುತ್ತದೆ. ಮತ್ತೆ ಕಾಯಿರಿ. ಎರಡನೆಯ ಸುಳಿವು: ಒಬ್ಬೊಬ್ಬರ ಹಣವನ್ನು ಬಿಟ್ಟು ಎಲ್ಲವನ್ನೂ ಕೂಡಿಸಿ ನೋಡಿ, ಚೀಲದ್ದೂ ಮೂವರದ್ದೂ ಸೇರಿ ಒಂದೇ ರಾಶಿ ಎಂದುಕೊಳ್ಳಿ. ಇಲ್ಲಿ ಯಾರದೋ ಕಣ್ಣು ಅರಳುವುದನ್ನು ಕಾಣುತ್ತೀರಿ. ಯಾರದೂ ಅರಳದಿದ್ದರೆ ಮಾತ್ರ ಮೂರನೆಯದು: ಮೊದಲನೆಯವನ ಮಾತಿನ ಪ್ರಕಾರ ಅವನ ಬಳಿ ಎರಡು ಪಾಲು, ಉಳಿದಿಬ್ಬರ ಬಳಿ ಒಂದು ಪಾಲು, ಹಾಗಾದರೆ ಆ ಇಬ್ಬರ ಹಣ ಇಡೀ ರಾಶಿಯ ಎಷ್ಟನೆಯ ಭಾಗ?

ಮೂರನೆಯ ಒಂದು ಭಾಗ. ಅದೇ ರೀತಿ ಎರಡನೆಯವನನ್ನು ಬಿಟ್ಟ ಇಬ್ಬರದು ನಾಲ್ಕನೆಯ ಒಂದು ಭಾಗ, ಮೂರನೆಯವನನ್ನು ಬಿಟ್ಟ ಇಬ್ಬರದು ಆರನೆಯ ಒಂದು ಭಾಗ. ರಾಶಿಯನ್ನು 24 ಎಂದುಕೊಂಡರೆ ಆ ಜೋಡಿಗಳ ಬಳಿ 8, 6, 4. ಮೂರನ್ನೂ ಕೂಡಿಸಿದರೆ 18. ಇದರಲ್ಲಿ ಪ್ರತಿಯೊಬ್ಬನೂ ಎರಡೆರಡು ಸಲ ಎಣಿಕೆಯಾಗಿದ್ದಾನೆ, ಆದ್ದರಿಂದ ಮೂವರದೂ ಸೇರಿ 9. ಅಲ್ಲಿಂದ ಒಬ್ಬೊಬ್ಬರದು 1, 3, 5, ಚೀಲದಲ್ಲಿ 15. ಎಕ್ಸ್ ಬೇಕಾಗಲಿಲ್ಲ, ವೈ ಬೇಕಾಗಲಿಲ್ಲ. ಬೀಜಗಣಿತ ಬರೆದು ಅರ್ಧ ಪುಟ ತುಂಬಿಸಿದ ಗೆಳೆಯ ಈ ದಾರಿಯನ್ನು ಕಂಡು ತಲೆದೂಗುತ್ತಾನೆ. ಆ ದಾರಿ ಹಿಡಿದದ್ದು ನಿಮ್ಮ ಮೌನಿ ಗೆಳೆಯರಲ್ಲಿ ಒಬ್ಬರಾಗಿದ್ದರೆ ನಿಮ್ಮ ಕೂಟದ ಹವೆಯೇ ಬದಲಾಗುತ್ತದೆ.

ಮೊಬೈಲಿನಲ್ಲಿ ಹುಡುಕಿ ಉತ್ತರ ಹೇಳುತ್ತಾರೆ ಎಂಬ ಅನುಮಾನವಿದ್ದರೆ ಅಂಕಿಗಳನ್ನು ಬದಲಿಸಿ. ಇದೇ ಲೆಕ್ಕದಲ್ಲಿ ಎರಡು, ಮೂರು, ಐದರ ಬದಲು ಎರಡು, ಮೂರು, ನಾಲ್ಕು ಎಂದು ಕೇಳಿ. ಉತ್ತರ: ಚೀಲದಲ್ಲಿ 73, ವರ್ತಕರ ಬಳಿ 7, 17, 23. ಬದಲಿಸಿದ ಮೇಲೆ ಮೊದಲು ನೀವೇ ಬಿಡಿಸಿ ನೋಡುವುದು ಕಡ್ಡಾಯ. ಉತ್ತರವೇ ಇಲ್ಲದ ಲೆಕ್ಕವನ್ನು ಗೆಳೆಯರ ತಲೆಗೆ ಕಟ್ಟುವುದು ದ್ರೋಹ. ಗುಂಪಿನಲ್ಲಿ ಹಾಕುವಾಗ, ಉತ್ತರವನ್ನು ಗುಂಪಿಗೆ ಬರೆಯದೆ ಕೇಳಿದವರಿಗೆ ಮಾತ್ರ ಖಾಸಗಿಯಾಗಿ ಕಳಿಸುವ ರೂಢಿ ಮಾಡಿಕೊಳ್ಳಿ. ಒಗಟು ಮೊದಲೇ ಗೊತ್ತಿದ್ದವರು ಗೊತ್ತು ಎಂದು ಒಪ್ಪಿಕೊಂಡು ಸುಳಿವು ಕೊಡುವವರ ಪಂಗಡಕ್ಕೆ ಸೇರಲಿ. ಉತ್ತರ ಬಯಲಾಗುವುದು ಮರುದಿನ ರಾತ್ರಿ ಎಂದು ಗೊತ್ತಿದ್ದರೆ ಅಡುಗೆ, ಕಚೇರಿ, ಮಕ್ಕಳ ನಡುವೆ ಬಿಡುವಿಲ್ಲದವರಿಗೂ ಯೋಚಿಸಲು ಅವಕಾಶ ಸಿಗುತ್ತದೆ. ನಿಮ್ಮ ಮೌನಿಗಳಿಗೆ ಬೇಕಾಗಿದ್ದುದು ಆ ಹೊತ್ತೇ ಆಗಿರಬಹುದು.

ಮೌನಕ್ಕೆ ಇನ್ನೊಂದು ಕಾರಣವಿದೆ, ಅದು ಒಗಟಿಗೆ ತೊಡಿಸಿದ ಬಟ್ಟೆ. ಪೀಟರ್ ವೇಸನ್ ಎಂಬ ಇಂಗ್ಲಿಷ್ ಮನೋವಿಜ್ಞಾನಿ 1966ರಲ್ಲಿ ರೂಪಿಸಿದ ಕಾರ್ಡುಗಳ ಸಮಸ್ಯೆಯನ್ನು ಕನ್ನಡದಲ್ಲಿ ಹೀಗೆ ಕೇಳಬಹುದು. ನಾಲ್ಕು ಕಾರ್ಡುಗಳಿವೆ. ಪ್ರತಿಯೊಂದರ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ನಮಗೆ ಕಾಣುತ್ತಿರುವುದು ಅ, ಕ, 4, 7. ಒಂದು ಬದಿ ಸ್ವರಾಕ್ಷರವಿದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರುತ್ತದೆ ಎಂಬ ಮಾತು ನಿಜವೇ ಎಂದು ನೋಡಲು ಯಾವ ಕಾರ್ಡುಗಳನ್ನು ತಿರುಗಿಸಬೇಕು? ಬಹುತೇಕರು ಅ ಮತ್ತು 4 ಎನ್ನುತ್ತಾರೆ. ಸರಿಯುತ್ತರ ಅ ಮತ್ತು 7. ನಾಲ್ಕರ ಹಿಂದೆ ಏನಿದ್ದರೂ ಮಾತು ಸುಳ್ಳಾಗುವುದಿಲ್ಲ, ಏಳರ ಹಿಂದೆ ಸ್ವರವಿದ್ದರೆ ಸುಳ್ಳಾಗುತ್ತದೆ. ಸರಿಯಾಗಿ ಹೇಳುವವರು ಹತ್ತರಲ್ಲಿ ಒಬ್ಬರು ಎಂಬಂತೆ ವಿರಳ. 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಎಂಬ ಸಂಶೋಧಕರು ಅಮೆರಿಕದ ಫ್ಲಾರಿಡಾದಲ್ಲಿ ಇದೇ ಸಮಸ್ಯೆಯನ್ನು ಬೇರೆ ವೇಷದಲ್ಲಿ ಕೇಳಿದರು. ನೀವು ಪೊಲೀಸರು, ಬಿಯರ್ ಕುಡಿಯುವವರಿಗೆ 19 ದಾಟಿರಬೇಕು ಎಂಬುದು ನಿಯಮ. ಒಬ್ಬರು ಬಿಯರ್ ಕುಡಿಯುತ್ತಿದ್ದಾರೆ, ಒಬ್ಬರು ಕೋಕ್, ಒಬ್ಬರಿಗೆ 22 ವರ್ಷ, ಒಬ್ಬರಿಗೆ 16. ಯಾರನ್ನು ವಿಚಾರಿಸಬೇಕು? ಈ ಸಲ ಮುಕ್ಕಾಲು ಪಾಲಿನಷ್ಟು ಮಂದಿ ಸರಿಯಾಗಿ ಹೇಳಿದರು. ತರ್ಕ ಒಂದೇ, ಕತೆ ಬೇರೆ. ನಿಮ್ಮ ಗೆಳೆಯರಲ್ಲಿ ಒಬ್ಬರು ಬ್ಯಾಂಕಿನವರಾದರೆ ಒಗಟನ್ನು ಚೆಕ್ಕು, ಸಹಿಗಳ ಮೇಲೆ ಕಟ್ಟಿ. ನರ್ಸ್ ಆಗಿದ್ದರೆ ಔಷಧಿ ಚೀಟಿಯ ಮೇಲೆ ಕಟ್ಟಿ. ಮೊನ್ನೆಯವರೆಗೆ ಸುಮ್ಮನಿದ್ದವರು ಮೊದಲು ಬಾಯಿ ಬಿಟ್ಟರೆ ಆಶ್ಚರ್ಯವಿಲ್ಲ.

ಈಗ ನಿಮ್ಮ ಅಮ್ಮನ ಒಗಟುಗಳು. ಇವು ಯಾರಿಗೂ ಬಿಡಿಸಲಾಗುವುದಿಲ್ಲ ಎಂದು ನೀವು ಬೇಸರಿಸಿದ್ದೀರಿ. ಬಿಡಿಸಲಾಗದಿರುವುದಕ್ಕೂ ಅದೇ ಕಾರಣ. ಆ ಒಗಟುಗಳಿಗೂ ಒಂದು ಲೋಕವಿದೆ, ನಿಮ್ಮ ಗೆಳೆಯರು ಆ ಲೋಕದಿಂದ ದೂರ ಬೆಳೆದಿದ್ದಾರೆ. ನಮ್ಮಲ್ಲಿ ಬಹಳ ಕಡೆ ಕೇಳಿಬರುವ ಒಗಟೊಂದನ್ನು ನೋಡಿ:

ಕಲ್ಲರಳಿ ಹೂವಾಗಿ, ಎಲ್ಲರಿಗೂ ಬೇಕಾಗಿ,
ಮಲ್ಲಿಕಾರ್ಜುನನ ಗುಡಿಗೆ ಬೆಳಕಾಗಿ, ಬಲ್ಲವರು ಹೇಳಿ.

ಉತ್ತರ ಸುಣ್ಣ. ಉತ್ತರ ಹೇಳಿ ಮುಂದೆ ಹೋದರೆ ಒಗಟು ವ್ಯರ್ಥವಾಯಿತು. ಕಲ್ಲು ಅರಳುವುದನ್ನು ನಿಮ್ಮ ಗೆಳೆಯರು ನೋಡಿದ್ದಾರೆಯೇ? ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದು ನೋಡಲು ಇನ್ನೂ ಕಲ್ಲೇ. ಮೇಲೆ ನೀರು ಬಿದ್ದ ಕೂಡಲೇ ಸುಯ್ಯೆನ್ನುತ್ತ ಬಿಸಿಯೇರಿ, ಹಬೆ ಎದ್ದು, ಗಡ್ಡೆ ಬಿರಿದು ಉಬ್ಬಿ, ಬೆಳ್ಳಗೆ ಹಿಟ್ಟಾಗಿ ಬಿಚ್ಚಿಕೊಳ್ಳುತ್ತದೆ. ಆ ಬಿಚ್ಚಿಕೊಳ್ಳುವುದನ್ನು ಕಂಡವರು ಅರಳಿತು ಎಂದರು, ಅದಕ್ಕಿಂತ ನಿಖರವಾದ ಮಾತು ನನಗಂತೂ ತೋಚುವುದಿಲ್ಲ. ಎಲ್ಲರಿಗೂ ಬೇಕಾಗಿ ಎಂಬಲ್ಲಿ ವೀಳ್ಯದೆಲೆಗೆ ಸವರುವ ಸುಣ್ಣವಿದೆ, ಹಬ್ಬದ ಮುಂಚೆ ಮನೆಗೆ ಬಳಿಯುವ ಸುಣ್ಣವಿದೆ. ಗುಡಿಗೆ ಬೆಳಕು ಎಂದರೆ ಬಳಿದ ಗೋಡೆ. ಗೋಡೆಯ ಮೇಲೆ ಆ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮತ್ತೆ ಹೀರಿಕೊಂಡು ನಿಧಾನವಾಗಿ ಮೊದಲಿನ ಕಲ್ಲೇ ಆಗುತ್ತದೆ. ಇಷ್ಟೆಲ್ಲ ಎರಡು ಸಾಲಿನಲ್ಲಿದೆ. ನಿಮ್ಮ ರಸಾಯನಶಾಸ್ತ್ರ ಓದಿದ ಗೆಳೆಯರಿಗೆ ಸಮೀಕರಣ ಗೊತ್ತು, ನಿಮ್ಮ ಅಮ್ಮನಿಗೆ ಅರಳುವುದು ಗೊತ್ತು. ಅವರನ್ನು ಕೂಟಕ್ಕೆ ಕರೆದು ಕೂರಿಸಿ. ಒಗಟನ್ನು ಅವರೇ ಹಾಕಲಿ, ಆ ದನಿ ನಿಮಗೆ ಬರುವುದಿಲ್ಲ.

ಶುರುವಿಗೆ ಈಗಲೂ ಕಣ್ಣಿಗೆ ಬೀಳುವ ವಸ್ತುಗಳ ಒಗಟುಗಳನ್ನು ಆರಿಸಿಕೊಳ್ಳಿ. ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ: ಮೊಟ್ಟೆ. ಬಿಳಿ ಸಾಮ್ರಾಜ್ಯದಲ್ಲಿ ಕಪ್ಪು ಪ್ರಜೆಗಳು: ಸೀತಾಫಲ. ಎರಡು ಮನೆಗೆ ಒಂದೇ ದೂಲ: ಮೂಗು. ಮೋಟು ಗೋಡೆಯ ಮೇಲೆ ದೀಪ ಉರಿಯುತ್ತದೆ: ಮೂಗುತಿ. ಕೊನೆಯ ಎರಡನ್ನು ಒಂದರ ಹಿಂದೊಂದು ಕೇಳಿ ನೋಡಿ. ಮೂಗನ್ನು ಕಂಡುಹಿಡಿದವರಿಗೆ ಮೂಗುತಿ ಸುಲಭವಾಗುತ್ತದೆ, ಸುಳಿವನ್ನು ಬೇರೆ ಕೊಡಬೇಕಾಗಿಲ್ಲ. ಒಂದು ಒಗಟಿಗೆ ಇಬ್ಬರು ಎರಡು ಉತ್ತರ ಹೇಳಿ, ಎರಡೂ ಒಪ್ಪುವಂತಿದ್ದರೆ ಎರಡನ್ನೂ ಒಪ್ಪಿಕೊಳ್ಳಿ. ಲೆಕ್ಕದ ಸಮಸ್ಯೆಯಲ್ಲಿ ಈ ಔದಾರ್ಯ ಸಲ್ಲದು, ಜನಪದ ಒಗಟಿನಲ್ಲಿ ಸಲ್ಲುತ್ತದೆ. ಅಲ್ಲಿ ಹೊಸ ಉತ್ತರ ಹೊಳೆಯುವುದೂ ಒಂದು ಗೆಲುವು.

ನೀವೇ ಕಟ್ಟಲೂಬಹುದು. ದಿನವೂ ಕೈಯಲ್ಲಾಡುವ ವಸ್ತುವೊಂದನ್ನು ಎದುರಿಗಿಟ್ಟುಕೊಂಡು ಅದು ಏನೆಂದು ಮರೆತು ಅದು ಏನು ಮಾಡುತ್ತದೆ ಎಂದಷ್ಟೇ ನೋಡಿ. ನಮ್ಮ ಮನೆಯ ಮಕ್ಕಳೂ ನಾನೂ ಸೇರಿ ಕಟ್ಟಿದ ಎರಡನ್ನು ಕೊಡುತ್ತೇನೆ. ತಲೆಯ ಮೇಲೆ ಟೋಪಿ, ಹೊಟ್ಟೆಯೊಳಗೆ ಬಿರುಗಾಳಿ, ಮೂರು ಸಲ ಕೂಗಿದರೆ ಮನೆಮಂದಿಗೆಲ್ಲ ಊಟ: ಕುಕ್ಕರ್. ಎರಡು ಹಲ್ಲಿನ ಹಾವು ಗೋಡೆ ಕಚ್ಚಿದರೆ ಸತ್ತವನಿಗೆ ಜೀವ: ಮೊಬೈಲ್ ಚಾರ್ಜರ್. ಎರಡನೆಯದನ್ನು ಹಿರಿಯರಿಗೆ ಕೇಳಿದರೆ ಅವರು ತಲೆ ಕೆರೆದುಕೊಳ್ಳುತ್ತಾರೆ, ಸುಣ್ಣದ ಒಗಟಿಗೆ ಚಿಕ್ಕವರು ಕೆರೆದುಕೊಂಡ ಹಾಗೆಯೇ. ನಿಮ್ಮ ಅಮ್ಮನಿಗೂ ಗೆಳೆಯರಿಗೂ ಒಬ್ಬರಿಗೊಬ್ಬರು ಒಗಟು ಹಾಕಲು ಇದೊಂದು ಸಮನಾದ ಅಖಾಡ.

ಯಾರೊಬ್ಬರೂ ಒಂಟಿಯಾಗಿ ಬಿಡಿಸಬೇಕಿಲ್ಲದ ಬಗೆಯೂ ಒಂದಿದೆ, ಮುಂಡಿಗೆ, ಅಂದರೆ ಅರ್ಥವನ್ನು ಒಗಟಿನಂತೆ ಮುಚ್ಚಿಟ್ಟ ಪದ್ಯ. ಕನಕದಾಸರ ಕೀರ್ತನೆಯೊಂದರಲ್ಲಿ ಸೂರ್ಯನನ್ನು ದನುಜೆಯಾಳ್ದನಣ್ಣನಯ್ಯನ ಪಿತ ಎಂದು ಕರೆದಿದೆ. ದನುಜೆ ಹಿಡಿಂಬೆ, ಅವಳನ್ನು ಆಳಿದವನು ಭೀಮ, ಅವನ ಅಣ್ಣ ಧರ್ಮರಾಯ, ಧರ್ಮರಾಯನ ಅಯ್ಯ ಯಮ, ಯಮನ ಪಿತ ಸೂರ್ಯ. ಅದರ ಮುಂದೆಯೇ ಕೌರವನ ತಂಗಿಯನ್ನು ಆಳಿದವನು ಬರುತ್ತಾನೆ. ದುಶ್ಶಲೆಯ ಗಂಡ ಸೈಂಧವ ಎಂದು ಗೊತ್ತಾದೊಡನೆ, ಸೂರ್ಯನ ಎದುರಿಗೆ ಅವನ ತಲೆ ಹೋದ ದಿನದ ಚಿತ್ರ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ. ಗುಂಪಿನಲ್ಲಿ ಇದನ್ನು ಕೇಳಿದರೆ ಒಬ್ಬರಿಗೆ ಹಿಡಿಂಬೆ ನೆನಪಾಗುತ್ತಾಳೆ, ಇನ್ನೊಬ್ಬರಿಗೆ ಧರ್ಮರಾಯ ಯಮನ ಮಗನೆಂಬುದು ನೆನಪಾಗುತ್ತದೆ. ಕೊಂಡಿಗೆ ಕೊಂಡಿ ಸೇರಿಸುತ್ತ ಎಲ್ಲರೂ ಒಟ್ಟಿಗೆ ದಡ ಮುಟ್ಟುತ್ತಾರೆ. ಇದೇ ಧಾಟಿಯಲ್ಲಿ ನಿಮ್ಮ ಆರು ಮಂದಿಯ ಮನೆಯವರ ನಂಟುಗಳನ್ನು ಹೆಣೆದು ಒಂದು ಮುಂಡಿಗೆ ಕಟ್ಟಿ. ಗೆಳೆಯನ ಅತ್ತೆಯ ಮಗಳ ಗಂಡನ ತಂಗಿ ಯಾರು ಎಂದು ಹುಡುಕುವಾಗ ಬೇಗ ಹೇಳುವವನ ಚುರುಕಿಗಿಂತ ಮನೆಮನೆಯ ಸುದ್ದಿ ಬಲ್ಲವರ ನೆನಪು ಮುಂದಿರುತ್ತದೆ.

ಮುಂದಿನ ತಿಂಗಳ ಕೂಟಕ್ಕೆ ಅಮ್ಮನ ಎರಡು ಒಗಟು, ಬೀದಿಯ ಮನೆಗಳ ಲೆಕ್ಕ, ಮೂರು ಲೋಟದ ಆಟ ಸಾಕು. ಇನ್ನೂ ಹೆಚ್ಚು ತುರುಕಬೇಡಿ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲು ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯ ಒಂದು ಲೆಕ್ಕ ಕೊಡುತ್ತೇನೆ. ದುಂಬಿಗಳ ಗುಂಪೊಂದರಲ್ಲಿ ಐದನೆಯ ಒಂದು ಭಾಗ ಕದಂಬದ ಹೂವಿಗೆ ಹೋಯಿತು, ಮೂರನೆಯ ಒಂದು ಭಾಗ ಶಿಲೀಂಧ್ರ ಎಂಬ ಗಿಡದ ಹೂವಿಗೆ. ಈ ಎರಡು ಭಾಗಗಳ ವ್ಯತ್ಯಾಸದ ಮೂರರಷ್ಟು ದುಂಬಿಗಳು ಕುಟಜಕ್ಕೆ ಹಾರಿದವು. ಉಳಿದ ಒಂದೇ ಒಂದು ದುಂಬಿ ಕೇದಗೆ, ಮಾಲತಿಗಳ ಪರಿಮಳದ ನಡುವೆ ಎತ್ತ ಹೋಗಲೆಂದು ತಿಳಿಯದೆ ಗಾಳಿಯಲ್ಲಿ ಸುತ್ತುತ್ತಿತ್ತು. ದುಂಬಿಗಳು ಎಷ್ಟು? ಉತ್ತರವನ್ನು ಇಲ್ಲಿ ಬರೆಯುವುದಿಲ್ಲ, ನೀವು ಮೊದಲು ಬಿಡಿಸಿಕೊಂಡೇ ಗೆಳೆಯರಿಗೆ ಕಳಿಸಬೇಕು. ಅವರಿಗೆ ಕೊಡುವ ಮೊದಲ ಸುಳಿವು ಮಾತ್ರ ಹೇಳಿರುತ್ತೇನೆ: ದುಂಬಿಯನ್ನು ಯಾರೂ ತುಂಡು ಮಾಡುವುದಿಲ್ಲ, ಆದ್ದರಿಂದ ಐದರಿಂದಲೂ ಮೂರರಿಂದಲೂ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗಳನ್ನು ಮಾತ್ರ ನೋಡಿದರೆ ಸಾಕು.